ಹುಸಿಮುನಿಸು, ಹುಸಿವಿಜ್ಞಾನ

ಹೋದ ತಿಂಗಳು ಊರಿಂದ ಅಣ್ಣ ಫೋನ್ ಮಾಡಿದ್ದ. "ಪುಟ್ಟಿ ಬೆರಳಚ್ಚು ತಗೊಂಡು ರಿಪೋರ್ಟ್ ಕೊಟ್ಟವ್ರೆ ಕಣೋ. ಗಣಿತ ಹತ್ತಲ್ವಂತೆ. ವಿಜ್ಞಾನ ಅಂತೆ, ಓದಿರೋನು ನೀನೇ ನೋಡಿ ಹೇಳು." ವಾಟ್ಸಾಪ್‌ನಲ್ಲಿ ಬಂದಿದ್ದು ನಲವತ್ತು ಪುಟದ ಪಿಡಿಎಫ್. ಪೈ ಚಾರ್ಟು, ಮೆದುಳಿನ ಚಿತ್ರ, ಪ್ರತಿಯೊಂದಕ್ಕೂ ಶೇಕಡಾವಾರು.

"ಇದು ಹುಸಿವಿಜ್ಞಾನ ಅಣ್ಣ" ಅಂದೆ.

"ಹಂಗಂದ್ರೆ? ಸುಳ್ಳಾ?"

ತಡವರಿಸಿದೆ. ಯಾಕಂದ್ರೆ ಈ ಪದವನ್ನು ನಾವು ಬರೀ ಬೈಗುಳದ ಥರ ಬಳಸ್ತೀವಿ. ಅಮ್ಮ ಮೃಗಶಿರಾ ಮಳೆ ನೋಡಿ ಬಿತ್ತನೆ ಮಾತಾಡಿದ್ರೂ ಹುಸಿವಿಜ್ಞಾನ ಅಂದಿದ್ದೀನಿ. ಪಾಪ, ಅಮ್ಮ ಅದನ್ನ ಯಾವತ್ತೂ ವಿಜ್ಞಾನ ಅಂದಿಲ್ಲ. ತಪ್ಪಿದ್ರೆ "ಈ ಸಲ ಕೈಕೊಡ್ತು" ಅಂತಾಳೆ, ಅಷ್ಟೇ.

ತಪ್ಪಾದ ವಿಜ್ಞಾನವೂ ಹುಸಿಯಲ್ಲ. 2011ರಲ್ಲಿ ಒಪೇರಾ ಪ್ರಯೋಗದವರು ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದವು ಅಂದ್ರು, ತಪ್ಪಿದ್ರೆ ಹುಡುಕಿ ಅಂತ ಎಲ್ಲರ ಮುಂದಿಟ್ಟರು. 2012ರಲ್ಲಿ ಸಿಕ್ಕಿದ್ದು ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ಬಗ್ ಒಪ್ಪಿಕೊಂಡ್ರು, ಮುಗೀತು. ನಮ್ಮ ಎಷ್ಟು ಟೀಮ್‌ಗಳಿಗೆ ಇದು ಬರುತ್ತೆ ಹೇಳಿ.

ಕೆಲವರು ಮಿಥ್ಯಾವಿಜ್ಞಾನ ಅಂತ ಬರೀತಾರೆ. ನನಗೆ ಒಗ್ಗಲ್ಲ, ಮಿಥ್ಯೆ ಅಂದ ಕೂಡಲೇ ಜಗತ್ತೇ ಮಾಯೆಯೋ ಅಲ್ಲವೋ ಅನ್ನೋ ವೇದಾಂತ ಶುರುವಾಗುತ್ತೆ. ಹುಸಿಯೇ ಸರಿ. ಹುಸಿಮುನಿಸಿನ ಹುಸಿ: ಮುಖ ಊದಿಸೋದು, ಮಾತು ಬಿಡೋದು ಎಲ್ಲ ಇರುತ್ತೆ, ಒಳಗೆ ಕೋಪ ಮಾತ್ರ ಇರಲ್ಲ. ಆ ಪಿಡಿಎಫ್‌ನಲ್ಲೂ ಹಾಗೇ, ವಿಜ್ಞಾನದ ವೇಷವೆಲ್ಲ ಇತ್ತು, ಪರೀಕ್ಷೆ ಇರಲಿಲ್ಲ. ಒಂದು ಮಾತು ತಪ್ಪಾಗೋಕೆ ದಾರಿ ಇದ್ರೆ ಮಾತ್ರ ಅದು ವಿಜ್ಞಾನ ಅಂತ ಕಾರ್ಲ್ ಪಾಪರ್ ಗೆರೆ ಎಳೆದಿದ್ದ. ಇವರಿಗೆ ಆ ದಾರಿಯೇ ಇಲ್ಲ. ಪುಟ್ಟಿ ಗಣಿತದಲ್ಲಿ ಸೋತರೆ "ಹೇಳಿದ್ವಲ್ಲ", ಗೆದ್ದರೆ "ಪರಿಶ್ರಮ". ಬೆರಳಿನ ಗೆರೆ ಗರ್ಭದಲ್ಲೇ ಮೂಡಿ ಮುಗಿಯುತ್ತೆ, ಕಲಿಕೆ ಮುಗಿಯುತ್ತಾ? ಡಿಎಂಐಟಿ ಅನ್ನೋ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2019ರಲ್ಲೇ ಹೇಳಿದೆ.

ಆದ್ರೆ ಅಣ್ಣನನ್ನು ನಗೋ ಯೋಗ್ಯತೆ ನನಗಿಲ್ಲ. ಆಫೀಸಲ್ಲಿ ಮಾಡಿಸಿದ ನಾಲ್ಕಕ್ಷರದ ಪರ್ಸನಾಲಿಟಿ ಟೆಸ್ಟ್ ಫಲಿತಾಂಶವನ್ನ ಹೆಮ್ಮೆಯಿಂದ ಪ್ರೊಫೈಲ್‌ಗೆ ಹಾಕ್ಕೊಂಡಿದ್ದೆ. ಮುಂದಿನ ವರ್ಷ ಎರಡು ಅಕ್ಷರ ಬದಲಾಗಿತ್ತು. ಇಂಗ್ಲಿಷ್ ಪಿಪಿಟಿಯಲ್ಲಿ ಬಂದದ್ದಕ್ಕೆ ಹುಸಿ ಅನ್ನೋಕೆ ಯಾಕೋ ನಾಲಿಗೆ ಏಳಲಿಲ್ಲ.

ಎರಡು ದಿನ ಬಿಟ್ಟು ಅಣ್ಣನಿಗೆ ಫೋನ್ ಮಾಡಿ ಹುಸಿಮುನಿಸಿನ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆರು ಸಾವಿರ ಮಾತ್ರ ನಿಜವಾಗ್ಲೂ ಹೋಯ್ತಲ್ಲೋ" ಅಂದ. ಆಗಲೇ ಪುಟ್ಟಿಯ ಗಣಿತದ ಟ್ಯೂಷನ್ ಬಿಡಿಸಿದ್ದನಂತೆ. ಸೋಮವಾರದಿಂದ ಮತ್ತೆ ಕಳಿಸ್ತಾನೆ.