ಆರ್ಡರ್ ಬೇರೆ, ಬೇಡಿಕೆ ಬೇರೆ

ಅಮೆರಿಕದ ಕೆಂಟಕಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಗಳಲ್ಲಿ ಮನೆಬಳಕೆಯ ಯಂತ್ರಗಳು ತಯಾರಾಗುತ್ತಿದ್ದವು. ಒಮ್ಮೆ ಮೂರು ನಾಲ್ಕು ಪಾಳಿ ದುಡಿದರೂ ಮುಗಿಯದಷ್ಟು ಕೆಲಸ. ಕೆಲವೇ ವರ್ಷ ಕಳೆದರೆ ಅರ್ಧದಷ್ಟು ಕಾರ್ಮಿಕರು ಮನೆಗೆ. ಮಾರುಕಟ್ಟೆಯ ಏರಿಳಿತ ಎಂಬ ಸಮಜಾಯಿಷಿ ಅಲ್ಲಿನವರಿಗೇ ಸಮಾಧಾನ ಕೊಟ್ಟಿರಲಿಲ್ಲ. 1956ರಲ್ಲಿ ಎಂಐಟಿಯ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬಂದ ಜೇ ಫಾರೆಸ್ಟರ್ ಕಿವಿಗೆ ಬಿದ್ದದ್ದು ಈ ಒಗಟು.

ಫಾರೆಸ್ಟರ್ ವ್ಯವಹಾರಶಾಸ್ತ್ರ ಓದಿ ಬಂದವರಲ್ಲ. ನೆಬ್ರಾಸ್ಕದಲ್ಲಿ ದನ ಸಾಕುವ ಕುಟುಂಬದ ಹುಡುಗ, ಹಳೇ ಕಾರಿನ ಬಿಡಿಭಾಗ ಜೋಡಿಸಿ ಗಾಳಿಯಿಂದ ಮನೆಗೆ ಕರೆಂಟು ತಂದವರು. ಮುಂದೆ ವರ್ಲ್‌ವಿಂಡ್ ಕಂಪ್ಯೂಟರ್ ಕಟ್ಟಿಸಿದ ಎಂಜಿನಿಯರ್. ಒಗಟು ಬಿಡಿಸಲು ಅವರು ಹಿಡಿದದ್ದು ಪೆನ್ಸಿಲ್ಲು, ನೋಟ್‌ಬುಕ್ಕು. ಮೇಲ್ಗಡೆ ದಾಸ್ತಾನು, ಕೆಲಸಗಾರರು, ಆರ್ಡರು ಎಂದು ಕಾಲಂಗಳು. ಇಷ್ಟು ಸರಕು, ಇಷ್ಟು ಆರ್ಡರು ಇದ್ದರೆ ಮುಂದಿನ ವಾರ ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ? ವಾರದ ಕೆಳಗೆ ವಾರ ಬರೆಯುತ್ತ ಹೋದಂತೆ, ಹೊರಗಿನ ಆರ್ಡರು ಸ್ಥಿರವಾಗಿದ್ದರೂ ಕೆಲಸಗಾರರ ಸಂಖ್ಯೆ ತೂಗಾಡಬಲ್ಲದೆಂದು ಕಂಡಿತು. ಕಾರಣ ಒಳಗಿನ ನಿರ್ಧಾರಗಳಲ್ಲೇ ಇತ್ತು. 1961ರ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಗ್ರಂಥದ ಬೇರು ಆ ಪುಟದಲ್ಲಿದೆ.

ಈ ಕೃತಿಯ ದೊಡ್ಡ ಶಕ್ತಿ ಎಂದರೆ ಆರ್ಡರನ್ನೇ ಬೇಡಿಕೆ ಎಂದು ನಂಬಬಾರದೆಂದು ಅದು ತೋರಿಸಿಕೊಟ್ಟದ್ದು. ಅವರ ಬಳಗದಲ್ಲೇ ಹುಟ್ಟಿದ ಬಿಯರ್ ಆಟ ಇದನ್ನು ಕೈಗೆ ಮುಟ್ಟಿಸುತ್ತದೆ. ಅಂಗಡಿ, ಸಗಟು, ವಿತರಕ, ಕಾರ್ಖಾನೆ ಎಂದು ನಾಲ್ವರು ಕೂರುತ್ತಾರೆ, ಮಾತಾಡುವಂತಿಲ್ಲ. ಗಿರಾಕಿ ವಾರಕ್ಕೆ ಕೇಳುವುದು 4 ಕೇಸಿನಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಅಷ್ಟೆ. ಸರಕು ತಡವಾಗಿ ಬರುವುದರಿಂದ ಎಲ್ಲರೂ ಗಾಬರಿಯಲ್ಲಿ ಹೆಚ್ಚೆಚ್ಚು ಆರ್ಡರು ಬರೆಯುತ್ತಾರೆ; ಕಾರ್ಖಾನೆಗೆ ತಲುಪುವಾಗ ಅದು ಪ್ರವಾಹ. ಇಂಥ ಆರ್ಡರುಗಳನ್ನೇ ಮುನ್ಸೂಚನೆಯ ಮಾದರಿಗೆ ಉಣಿಸಿದರೆ ಅದು ಕಲಿಯುವುದು ನಮ್ಮದೇ ಗಾಬರಿಯನ್ನು. ಸಪ್ಲೈ ಚೈನ್ ಅನಲಿಟಿಕ್ಸ್ ಕಲಿಸುವವರು ಮೊದಲ ದಿನವೇ ಇದನ್ನು ಹೇಳಬೇಕೆಂದು ನನ್ನ ಬಲವಾದ ನಂಬಿಕೆ.

ಕೊರತೆಯೂ ಇದೆ. ಫಾರೆಸ್ಟರರ ಮಾದರಿಯಲ್ಲಿ ಮನುಷ್ಯ ಗೊತ್ತುಪಡಿಸಿದ ನಿಯಮದಂತೆ ನಡೆಯುತ್ತಾನೆ. 1997ರಲ್ಲಿ ಸಪ್ಲೈ ಚೈನ್ ಸಂಶೋಧಕ ಹಾವ್ ಲೀ ಮತ್ತು ಸಂಗಡಿಗರು, ಲೆಕ್ಕಾಚಾರದ ಬುದ್ಧಿವಂತರೂ ಇದೇ ಪ್ರವಾಹ ಎಬ್ಬಿಸಬಲ್ಲರೆಂದು ತೋರಿಸಿದರು: ಸರಕು ಸಿಗಲಾರದೆಂದು ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು, ರಿಯಾಯಿತಿ ಇದ್ದಾಗ ಕೊಂಡು ತುಂಬಿಕೊಳ್ಳುವುದು. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಆ ಕೆಲಸಗಾರರ ಕಾಲಂ. ಯಾರ ಕೆಲಸ ಹೋದದ್ದರಿಂದ ಪ್ರಶ್ನೆ ಹುಟ್ಟಿತೋ ಅವರು ಪುಟದಲ್ಲಿ ಏರಿ ಇಳಿಯುವ ಒಂದು ಅಂಕಿ. ಪಾಳಿ ನಿಂತ ವಾರ ಅವರ ಮನೆಯಲ್ಲಿ ಏನಾಯಿತು ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ.