ಸರಾಸರಿಯ ಮರೆಯಲ್ಲಿ ದಡಾರ

ಲಸಿಕೆಯಿಂದ ತಡೆಯಬಹುದಾದ ರೋಗಗಳು ಮುಂದೆ ಯಾವ ದೇಶದಲ್ಲಿ ತಲೆ ಎತ್ತಬಹುದು? ಇದನ್ನು ಅಂದಾಜು ಮಾಡಲು ತಜ್ಞರು ದೇಶಗಳ ಪಟ್ಟಿ ತಯಾರಿಸುತ್ತಾರೆ. ಲಸಿಕೆ, ಹಣ, ಸಿಬ್ಬಂದಿಯನ್ನು ಮೊದಲು ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸಲು ಅಂಥ ಪಟ್ಟಿ ಬೇಕು. ಆದರೆ ಅದನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ವೈರಸ್ಸಿಗೆ ದೇಶದ ಸರಾಸರಿ ಗೊತ್ತೆ?

2019ರ ಅಕ್ಟೋಬರಿನಲ್ಲಿ ಪ್ರಕಟವಾದ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕವು 195 ದೇಶಗಳ ಸಿದ್ಧತೆಯನ್ನು ಅಳೆಯಿತು. ಮೊದಲ ಸ್ಥಾನ ಅಮೆರಿಕಕ್ಕೆ. ದಡಾರ ಅಲ್ಲಿ ನಿರ್ಮೂಲವಾಯಿತೆಂದು 2000ದಲ್ಲೇ ಘೋಷಿಸಲಾಗಿತ್ತು. ಆದರೂ 2025ರಲ್ಲಿ ಟೆಕ್ಸಾಸ್ ರಾಜ್ಯದ ಗೇನ್ಸ್ ಕೌಂಟಿಯಲ್ಲಿ, ಲಸಿಕೆ ಹಾಕಿಸದ ಮಕ್ಕಳು ಹೆಚ್ಚಿದ್ದ ಸಮುದಾಯವೊಂದರಲ್ಲಿ ದಡಾರ ಹಬ್ಬಿತು. ಆ ರಾಜ್ಯದಲ್ಲಿ ಇಬ್ಬರು ಮಕ್ಕಳು ತೀರಿಕೊಂಡರು.

ಪಟ್ಟಿ ಎಡವುವುದು ಎಲ್ಲಿ? ಸರಳ ಲೆಕ್ಕ ಮಾಡೋಣ. ರೋಧಶಕ್ತಿ ಇಲ್ಲದವರ ನಡುವೆ ಒಬ್ಬ ದಡಾರ ರೋಗಿ 12ರಿಂದ 18 ಜನರಿಗೆ ಸೋಂಕು ಹರಡಬಲ್ಲ. ಅದನ್ನು ತಡೆಯಲು ಸುಮಾರು ಶೇ. 95 ಜನರಲ್ಲಿ ರೋಧಶಕ್ತಿ ಇರಬೇಕು. ಸಮ ಜನಸಂಖ್ಯೆಯ ನೂರು ಊರುಗಳಿವೆ ಎನ್ನಿ. ತೊಂಬತ್ತು ಊರುಗಳಲ್ಲಿ ಎಲ್ಲರಿಗೂ, ಉಳಿದ ಹತ್ತರಲ್ಲಿ ಅರ್ಧ ಜನರಿಗೆ ಮಾತ್ರ ಲಸಿಕೆ ಆಗಿದೆ. ಸರಾಸರಿ ಸರಿಯಾಗಿ ಶೇ. 95! ಪಟ್ಟಿಯಲ್ಲಿ ಆ ದೇಶ ಸುರಕ್ಷಿತ. ಆದರೆ ಹತ್ತು ಊರುಗಳ ಬಾಗಿಲು ತೆರೆದೇ ಇದೆ.

ಇನ್ನೊಂದು ಕೊರತೆ, ವರ್ಷದಿಂದ ವರ್ಷಕ್ಕೆ ಉಳಿಯುವ ಬಾಕಿ. ಒಂಬತ್ತನೆಯ ತಿಂಗಳಲ್ಲಿ ಕೊಡುವ ಮೊದಲ ಡೋಸು ಸುಮಾರು ಶೇ. 85 ಮಕ್ಕಳಲ್ಲಿ ಫಲ ಕೊಡುತ್ತದೆ. ನೂರರಲ್ಲಿ 90 ಮಕ್ಕಳಿಗೆ ಹಾಕಿದರೆ ರಕ್ಷಣೆ ಸಿಗುವುದು 76-77 ಮಕ್ಕಳಿಗೆ. ಎರಡನೆಯ ಡೋಸು ತಪ್ಪಿದರೆ ಉಳಿದವರು ಕೂಡುತ್ತಾ ಹೋಗಿ, ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಹುಟ್ಟಿನಷ್ಟು ಮಕ್ಕಳು ರಕ್ಷಣೆಯಿಲ್ಲದೆ ಇರುತ್ತಾರೆ. ಆ ವರ್ಷದ ವ್ಯಾಪ್ತಿಯನ್ನಷ್ಟೇ ನೋಡುವ ಸೂಚ್ಯಂಕಕ್ಕೆ ಈ ಬಾಕಿ ಕಾಣದು.

ಈ ಲೆಕ್ಕವನ್ನು ನಮ್ಮ ಕಡೆಗೆ ತನ್ನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ 12-23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ಸುಮಾರು ಶೇ. 63; 2019-20ರಲ್ಲಿ ಶೇ. 84. ಇದು ಮೆಚ್ಚಬೇಕಾದ ಏರಿಕೆ. ಆದರೆ ಮೂಡಲಗಿ ತಾಲ್ಲೂಕಿನ ನಾಗನೂರ, ಗೋಕಾಕ, ಹುಕ್ಕೇರಿಗಳ ಸುತ್ತಲಿನ ಕಬ್ಬಿನ ಸೀಮೆಯನ್ನು ನೆನೆಯಿರಿ. ಬೆಳಗಾವಿ ಜಿಲ್ಲೆಗೆ ಪ್ರತಿ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಕೂಸುಕುನ್ನಿಗಳೊಡನೆ ಬರುತ್ತವೆ. ಎರಡನೆಯ ಡೋಸಿಗೆ ನಿಗದಿಯಾದ 16-24 ತಿಂಗಳ ವಯಸ್ಸು ಕೆಲವು ಮಕ್ಕಳಿಗೆ ಹೊಲದಂಚಿನ ಗುಡಿಸಲಲ್ಲೇ ಕಳೆಯುತ್ತದೆ. ಅವರನ್ನು ತವರೂರು ಎಣಿಸಬೇಕೋ, ಬಂದ ಊರೋ? ಎರಡೂ ಕಡೆ ತಪ್ಪಿದರೆ ಯಾವ ಸರಾಸರಿಯೂ ಅವರನ್ನು ತೋರಿಸದು.

ಸೂಚ್ಯಂಕಗಳು ಅಳೆಯಲು ತಡವರಿಸುವ ಮತ್ತೊಂದು ಅಂಶ ನಂಬಿಕೆ. ಸಮೋವಾ ದ್ವೀಪದಲ್ಲಿ 2018ರಲ್ಲಿ ಲಸಿಕೆಗೆ ತಪ್ಪು ಔಷಧ ಬೆರೆಸಿದ್ದರಿಂದ ಎರಡು ಕೂಸುಗಳು ಸತ್ತವು. ಜನ ಹೆದರಿದರು, ಲಸಿಕಾ ವ್ಯಾಪ್ತಿ ಶೇ. 31ರ ಆಸುಪಾಸಿಗೆ ಕುಸಿಯಿತು. 2019ರ ದಡಾರಕ್ಕೆ, ಸುಮಾರು ಎರಡು ಲಕ್ಷ ಜನರ ಆ ದೇಶದಲ್ಲಿ 83 ಮಂದಿ ಬಲಿಯಾದರು. ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ 2022ರ ಜನವರಿಯಲ್ಲಿ ಲಸಿಕೆ ಪಡೆದ ಮೂರು ಕೂಸುಗಳು ತೀರಿಕೊಂಡಾಗ, ಲಸಿಕೆಯನ್ನು ಇಟ್ಟ ಮತ್ತು ಬಳಸಿದ ರೀತಿಯತ್ತ ಆರಂಭಿಕ ತನಿಖೆ ಬೊಟ್ಟು ಮಾಡಿತು. ಇಂಥ ಕಡೆ ಸತ್ಯವನ್ನು ಬೇಗ, ಬಿಚ್ಚಿ ಹೇಳುವುದೂ ರೋಗ ತಡೆಯುವ ಕೆಲಸವೇ.

ಆದ್ದರಿಂದ ದೇಶಗಳ ಪಟ್ಟಿಯನ್ನು ತೀರ್ಪೆಂದು ಓದಬೇಡಿ, ಮೊದಲ ಸುಳಿವೆಂದು ಓದಿ. ಶಿಕ್ಷಕರೇ, ನೂರು ಊರುಗಳ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. ಬಳಿಕ ಆಶಾ ಕಾರ್ಯಕರ್ತೆಯನ್ನು ಕರೆಸಿ ಕೇಳಿ: ನಮ್ಮೂರಿನಲ್ಲಿ ಎರಡನೆಯ ಡೋಸು ತಪ್ಪಿದ ಮಕ್ಕಳೆಷ್ಟು? ಅವರೆಲ್ಲ ಒಂದೇ ಓಣಿಯಲ್ಲಿದ್ದಾರೆಯೆ?