ಕೊನೆಯ ಫರ್ಲಾಂಗು

ನಮ್ಮ ಶಾಲೆಗೆ ಸೈಕಲ್‌ಗಳು ಬಂದ ದಿನ ನನಗಿನ್ನೂ ಚೆನ್ನಾಗಿ ನೆನಪಿದೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗಿನ ಮಾತು. ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದ ಹುಡುಗಿಯರು ವಾರದೊಳಗೆ ಸವಾರಿ ಕಲಿತು, ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಸಾಲಾಗಿ ಬರತೊಡಗಿದರು. ನೋಡುವುದಕ್ಕೇ ಒಂದು ಸಂಭ್ರಮ. ಆದರೆ ಪೇಟೆ ಬೀದಿ ಸಿಕ್ಕ ಕೂಡಲೇ ಎಲ್ಲರೂ ಇಳಿದುಬಿಡುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಶಾಲೆಯ ಗೇಟಿನವರೆಗೆ, ಹೆಚ್ಚೆಂದರೆ ಎರಡು ಫರ್ಲಾಂಗು, ಲಾರಿ, ಟೆಂಪೋ, ಅಂಗಡಿ ಮುಂದಿನ ಸ್ಕೂಟರ್‌ಗಳ ನಡುವೆ ಸೈಕಲ್ ತಳ್ಳಿಕೊಂಡೇ ಬರಬೇಕು.

ಒಬ್ಬ ಹುಡುಗಿಯ ತಂದೆ ಬಂದು, "ಊರಿನ ರಸ್ತೆ ಹೆಂಗೋ ಆಯ್ತದೆ ಮೇಡಂ, ಈ ಪೇಟೆ ದಾಟೋದೇ ಭಯ," ಎಂದರು. ಆ ಸೈಕಲ್ ಡೈರಿಗೆ ಹಾಲು ಹೊರುವುದಕ್ಕಾಯಿತು. ಹುಡುಗಿ ಮತ್ತೆ ನಡೆದು ಬಂದಳು; ಒಂಬತ್ತನೆಯ ತರಗತಿಗೆ ಬರಲೇ ಇಲ್ಲ.

ಆ ಎರಡು ಫರ್ಲಾಂಗು ಮನಸ್ಸಿನಲ್ಲಿ ಉಳಿದುಬಿಟ್ಟಿದ್ದರಿಂದಲೇ ಇರಬೇಕು, ಬೇಸಿಗೆ ರಜೆಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಮಗಳ ಮನೆಗೆ ಹೋದಾಗ ಅಲ್ಲಿನ ಸೈಕಲ್ ಹಾದಿಯನ್ನು ಪರೀಕ್ಷೆ ಪೇಪರ್ ತಿದ್ದುವ ಕಣ್ಣಿನಲ್ಲೇ ನೋಡಿದೆ.

ಊರ ಉತ್ತರದ ಬಡಾವಣೆಗಳಿಂದ ಮೋನಾನ್ ಎಂಬ ಹಾದಿ ಬರುತ್ತದೆ. ಅದು ಕೈಬಿಟ್ಟ ರೈಲು ದಾರಿ. ಹಳಿ ಕಿತ್ತು, ನುಣ್ಣಗೆ ಮಾಡಿ, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟಿದ್ದಾರೆ. ಮರದ ನೆರಳು, ಹಕ್ಕಿಯ ಕೂಗು, ಎಲ್ಲ ಸರಿ. ಆದರೆ ಅದು ಪೇಟೆಯ ಅಂಚಿನ 10ನೆಯ ಸ್ಟ್ರೀಟಿನಲ್ಲಿ ಮುಗಿಯುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಭಾನುವಾರದ ವಿಹಾರಕ್ಕೆ ಸಾಕಾಗುತ್ತಿತ್ತು, ಕೆಲಸಕ್ಕೆ ಹೋಗುವವರಿಗೆ ಸಾಕಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಹಾದಿಯನ್ನು ಪೇಟೆಯ ಎದೆಯೊಳಗೆ ತಂದದ್ದು 'ಕಲ್ಚರಲ್ ಟ್ರೇಲ್' ಎಂಬ ಯೋಜನೆ. 2007ರಲ್ಲಿ ಕೆಲಸ ಶುರುವಾಗಿ 2013ರಲ್ಲಿ ಮುಗಿಯಿತು. ಎಂಟು ಮೈಲಿ, ಖರ್ಚು 6 ಕೋಟಿ 30 ಲಕ್ಷ ಡಾಲರ್. ಅದರಲ್ಲಿ ಒಂದೂವರೆ ಕೋಟಿ ಕೊಟ್ಟವರು ಆ ಊರಿನ ಗ್ಲಿಕ್ ದಂಪತಿಗಳು.

"ಅಮ್ಮಾ, ನಡೆದುಕೊಂಡೇ ನೋಡಿದರೆ ಹೇಗೆ? ಹತ್ತಿ ನೋಡು," ಎಂದಳು ಮಗಳು. ಚೂಡಿದಾರ ಹಾಕಿ, ಮೂವತ್ತು ವರ್ಷದ ಮೇಲೆ ಸೈಕಲ್ ಹತ್ತಿದೆ. ಮೊದಲ ಎರಡು ಸಿಗ್ನಲ್‌ಗಳಲ್ಲಿ ಅಭ್ಯಾಸಬಲದಿಂದ ಇಳಿದೂಬಿಟ್ಟೆ. ಮೂರನೆಯದರಲ್ಲಿ ಇಳಿಯಬೇಕಾಗಿಲ್ಲ ಎಂದು ಅರ್ಥವಾಯಿತು.

ಈ ಯೋಜನೆಗೆ ನಾನು ಅಂಕ ಕೊಡುವುದು ಇದಕ್ಕೇ. ಊರ ಹೊರಗೆ ಹಾದಿ ಮಾಡಲು ಯಾರನ್ನೂ ಕೇಳಬೇಕಾಗಿಲ್ಲ, ಖಾಲಿ ಜಾಗವಿರುತ್ತದೆ. ಪೇಟೆಯೊಳಗೆ ಬರಬೇಕಾದರೆ ಯಾರ ಕೈಯಿಂದಲಾದರೂ ಜಾಗ ಕೇಳಿ ಪಡೆಯಲೇಬೇಕು. ಅಲ್ಲಿ ಅನೇಕ ಕಡೆ ಕಾರು ಓಡುವ, ಕಾರು ನಿಲ್ಲುವ ಜಾಗವನ್ನೇ ತೆಗೆದು ಹಾದಿಗೆ ಕೊಟ್ಟರು. ಬರಿಯ ಬಣ್ಣದ ಗೆರೆ ಎಳೆಯಲಿಲ್ಲ. ನೆಲದ ಹಾಸೇ ಬೇರೆ. ರಸ್ತೆಗೂ ಹಾದಿಗೂ ನಡುವೆ ಅಲ್ಲಲ್ಲಿ ಮಳೆನೀರು ಕುಡಿಯುವ ಹೂದೋಟ.

ಹಾದಿಯುದ್ದಕ್ಕೂ ಕಲಾಕೃತಿಗಳೂ ಇವೆ. ಮ್ಯಾಸಚೂಸೆಟ್ಸ್ ಅವೆನ್ಯೂ ಹತ್ತಿರ ಜೂಲಿಯನ್ ಓಪಿ ಎಂಬ ಇಂಗ್ಲಿಷ್ ಕಲಾವಿದನ 'ಆ್ಯನ್ ಡ್ಯಾನ್ಸಿಂಗ್' ಇದೆ. ದೀಪದ ಗೆರೆಗಳ ಹೆಂಗಸು ಪೆಟ್ಟಿಗೆಯೊಳಗೆ ಹಗಲೂ ರಾತ್ರಿ ಸೊಂಟ ಬಳುಕಿಸುತ್ತಾಳೆ. ಎಲ್ಲರೂ ಅವಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೇನೋ ಹಿಡಿಸಲಿಲ್ಲ. ಪಕ್ಕದಲ್ಲೇ ಹಿಂದಿನ ಬುಟ್ಟಿಯಲ್ಲಿ ತರಕಾರಿ ಹೇರಿಕೊಂಡು ಒಬ್ಬಾಕೆ ಸರ್ರನೆ ಹೋದಳು ನೋಡಿ, ಆ ಹಾದಿಗೆ ತಕ್ಕ ಚಿತ್ರ ಅದು.

ಕಳೆಯಬೇಕಾದ ಅಂಕಗಳೂ ಇವೆ. ಇಂಡಿಯಾನಾ ಅವೆನ್ಯೂ ಎಂಬ ಬೀದಿ ಒಂದು ಕಾಲಕ್ಕೆ ಆ ಊರಿನ ಕರಿಯ ಜನರ ಬದುಕಿನ ನಡುಮನೆ. ಜಾಝ್ ಸಂಗೀತ ಮೊಳಗಿದ ಜಾಗ; ಮೇಡಂ ವಾಕರ್ ಹೆಸರಿನ ನಾಟಕಶಾಲೆ 1927ರಿಂದ ಅಲ್ಲಿದೆ. ಹೆದ್ದಾರಿಗೆಂದು, ವಿಶ್ವವಿದ್ಯಾನಿಲಯಕ್ಕೆಂದು ಸುತ್ತಲಿನ ಮನೆಗಳು ನೆಲಸಮವಾದವು. ಆ ಬೀದಿಯುದ್ದಕ್ಕೆ ಹಾದಿಯನ್ನು ವಿಸ್ತರಿಸಿದ್ದು ಎರಡನೆಯ ಸುತ್ತಿನಲ್ಲಿ, 2020ರ ನಂತರ. ಸೈಕಲ್ಲಿನ ಮಾತು ಬಂದಾಗ ಇನ್ನೊಂದು ಹೆಸರು ಹೇಳಲೇಬೇಕು. 1878ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಮೇಜರ್ ಟೇಲರ್ 1899ರಲ್ಲಿ ಸೈಕಲ್ ಓಟದ ವಿಶ್ವ ಚಾಂಪಿಯನ್ ಆದ. ಆದರೆ ಅಷ್ಟರಲ್ಲಿ ಬಣ್ಣದ ಕಾರಣಕ್ಕೆ ತವರಿನಲ್ಲಿ ಬಾಗಿಲು ಮುಚ್ಚಿ, ದೂರದ ವೂಸ್ಟರ್ ಪಟ್ಟಣ ಸೇರಿದ್ದ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಇಂಡಿಯಾನಾ ವಿಶ್ವವಿದ್ಯಾನಿಲಯದ 2015ರ ಅಧ್ಯಯನದ ಪ್ರಕಾರ, ಹಾದಿಯಿಂದ 500 ಅಡಿಯೊಳಗಿನ ಆಸ್ತಿಗಳ ಬೆಲೆ 2008ರಿಂದ 2014ರೊಳಗೆ ಶೇಕಡಾ 148ರಷ್ಟು ಏರಿತು. ಇದನ್ನು ಯೋಜನೆಯ ಗೆಲುವೆಂದು ಹೇಳುತ್ತಾರೆ. ಸ್ವಂತ ಮನೆಯಿದ್ದವರಿಗೆ ಗೆಲುವೇ. ಬಾಡಿಗೆ ಮನೆಯವರ ಗತಿ? ಕಾರಿಲ್ಲದವರಿಗೆ ತಾನೇ ಸೈಕಲ್ ಹಾದಿ ಎಲ್ಲರಿಗಿಂತ ಹೆಚ್ಚು ಬೇಕಾದದ್ದು? ಹಾದಿ ಬಂದದ್ದರಿಂದಲೇ ಅವರು ಹಾದಿಯಿಂದ ದೂರ ಹೋಗಬೇಕಾದರೆ, ಬಾವಿ ತೋಡಿ ಹಗ್ಗ ಕೊಡದ ಹಾಗಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಲೆಕ್ಕವನ್ನೂ ನೋಡಬೇಕು. ನಾವು ಸೈಕಲ್ ಕೊಡುವುದರಲ್ಲಿ ಮುಂದು. ಶಾಲೆಯ ಮಕ್ಕಳಿಗೆ ಕೊಟ್ಟೆವು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂದು ಬಾಡಿಗೆ ಸೈಕಲ್ ಯೋಜನೆ ಬಂತು. ಕೊಡುವಾಗ ವೇದಿಕೆ, ಹಾರ, ಫೋಟೋ ಎಲ್ಲ ಇರುತ್ತದೆ. ಜಾಗ ಬಿಡಿಸುವುದಕ್ಕೆ ಹಾರ ಹಾಕುವವರಿಲ್ಲ, ಅಂಗಡಿಯವರ ಮುನಿಸೊಂದೇ ಸಿಗುವುದು. ಅದಕ್ಕೇ ಆ ಕೆಲಸ ಉಳಿದುಹೋಗುತ್ತದೆ.

ನಮ್ಮಂಥ ಊರಿಗೆ ಕೋಟಿ ಡಾಲರಿನ ಹಾದಿ ಬೇಡ. ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ರಸ್ತೆಯ ಒಂದು ಮಗ್ಗುಲಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಲ್ಕರಿಂದ ಐದು, ಗಾಡಿ ನಿಲ್ಲಿಸದಿದ್ದರೆ ಸಾಕು. ರಜೆ ಮುಗಿಸಿ ಬಂದವಳು ಇದನ್ನೇ ಬರೆದು ಪುರಸಭೆಗೆ ಕೊಟ್ಟಿದ್ದೇನೆ. "ಅಂಗಡಿಯವರು ಒಪ್ಪಬೇಕಲ್ಲ ಮೇಡಂ," ಎಂದರು ಅಲ್ಲಿದ್ದವರು. ಒಂದೊಂದೇ ಅಂಗಡಿ ಹತ್ತಿ ಕೇಳುತ್ತಿದ್ದೇನೆ. ಅವರಲ್ಲಿ ನಾಲ್ವರು ನನ್ನ ಹಳೆಯ ವಿದ್ಯಾರ್ಥಿಗಳು. ಇಬ್ಬರು ಒಪ್ಪಿದ್ದಾರೆ.